ಮನೆ ಲೆಕ್ಕ, ಭಾಗ 6: ಮೊದಲು ಭಾರ, ಆಮೇಲೆ ಗಿಡ

ಹೋದ ತಿಂಗಳು ಹಾಕಿದ್ದ ಛತ್ರಿ ಸ್ಟ್ಯಾಂಡ್ ರೀಲ್ ನೆನಪಿದೆಯಾ? ಪೇಂಟ್ ಬಕೆಟ್ಟು, ನಡುವೆ ಪೈಪು, ಸುತ್ತ ಕೆಂಪು ಹೂವಿನ ಗಿಡ. "ಸೂಪರ್ ಗುರು, ನಾವೂ ಮಾಡ್ತೀವಿ" ಅಂತ ತುಂಬಾ ಜನ ಕಾಮೆಂಟ್ ಹಾಕಿದ್ರಿ. ಆ ರೀಲ್ ಡಿಲೀಟ್ ಮಾಡಿದ್ದೀನಿ. ದಯವಿಟ್ಟು ಅದನ್ನ ನೋಡಿ ಮಾಡ್ಬೇಡಿ.

ನಮ್ಮದು ದಾವಣಗೆರೆ. ಬೇಸಿಗೆ ಬಂತಂದ್ರೆ ಅಮ್ಮ ಗೇಟಿನ ಪಕ್ಕ ಟೇಬಲ್ ಹಾಕ್ಕೊಂಡು ಮಜ್ಜಿಗೆ, ನಿಂಬೆ ಪಾನಕ ಮಾರ್ತಾಳೆ. ಆ ಛತ್ರಿ ಅವಳದ್ದೇ. ಏಪ್ರಿಲ್ ಕೊನೆಯ ಒಂದು ಸಂಜೆ, ಮಳೆಗೆ ಮುಂಚೆ ಏಳುತ್ತಲ್ಲ ಧೂಳು ಗಾಳಿ, ಅದು ಎದ್ದಿತು. ಬಕೆಟ್ ಸಮೇತ ಛತ್ರಿ ಮಗುಚಿತು. ಮಜ್ಜಿಗೆ ಕುಡೀತಾ ನಿಂತಿದ್ದ ಪಕ್ಕದ್ಮನೆ ಹುಡುಗನ ತಲೆಗೆ ಕಂಬ ಬೀಳೋದನ್ನ ಅಮ್ಮ ಕೈ ಅಡ್ಡ ಕೊಟ್ಟು ತಡೆದಳು. ಮಣಿಕಟ್ಟು ಊದಿಕೊಂಡು 11 ದಿನ ವ್ಯಾಪಾರ ಬಂದ್.

ಗಾಳಿದೇನೂ ತಪ್ಪಿಲ್ಲ. ಗಿಡ ಚೆನ್ನಾಗಿ ಬರಲಿ ಅಂತ ನಾನು ಬಕೆಟ್ ತುಂಬಾ ಕೊಕೊಪೀಟ್ ತುಂಬಿದ್ದೆ. ಅದು ಮೊದಲೇ ಹಗುರ, ಬಿಸಿಲಿಗೆ ಒಣಗಿದ ಮೇಲೆ ಇನ್ನೂ ಹಗುರ. ಗಿಡಕ್ಕೆ ಸಡಿಲ ಮಣ್ಣು ಬೇಕು, ಛತ್ರಿಗೆ ಭಾರ ಬೇಕು. ಇಬ್ಬರೂ ಒಂದೇ ಬಕೆಟ್ಟಲ್ಲಿ ಇರ್ಬೇಕಂದ್ರೆ ಮೊದಲು ಛತ್ರಿ ಮಾತು ಕೇಳ್ಬೇಕು. ನಾನು ಕ್ಯಾಮೆರಾ ಮಾತು ಕೇಳಿದ್ದೆ.

ಈಗ ಮತ್ತೆ ಮಾಡಿದ್ದೀನಿ. ಸೇವ್ ಮಾಡ್ಕೊಳ್ಳಿ.

👉 20 ಲೀಟರ್ ಬಕೆಟ್, ನಡುವೆ 2 ಅಡಿ ಜಿಐ ಪೈಪ್. ಪಿವಿಸಿ ಬೇಡ, ಪಕ್ಕಕ್ಕೆ ಒತ್ತಡ ಬಿದ್ರೆ ಬಾಗುತ್ತೆ. ಛತ್ರಿ ಕಂಬ ಅಲ್ಲಾಡದಂಗೆ ಪೈಪಿನ ಮೇಲ್ಭಾಗಕ್ಕೆ ಒಂದು ಬೋಲ್ಟ್.

👉 ಅರ್ಧ ಬಕೆಟ್ ಕಾಂಕ್ರೀಟ್. ಮಗ್ ಲೆಕ್ಕದಲ್ಲಿ 1 ಸಿಮೆಂಟ್, 2 ಮರಳು, 4 ಜಲ್ಲಿ. 10 ಲೀಟರ್ ನೀರು 10 ಕೆಜಿ, ಅಷ್ಟೇ ಜಾಗದ ಕಾಂಕ್ರೀಟ್ ಸುಮಾರು 24 ಕೆಜಿ.

👉 ಮರುದಿನದಿಂದ 7 ದಿನ ಅದರ ಮೇಲೆ ನೀರು ನಿಲ್ಲಿಸಿ, ದಿನಾ ನೀರು ಬದಲಾಯಿಸಿ. ಕಾಂಕ್ರೀಟ್ ಗಟ್ಟಿಯಾಗುತ್ತೆ, ಗಿಡಕ್ಕೆ ಆಗದ ಸುಣ್ಣದ ಅಂಶವೂ ಕಡಿಮೆಯಾಗುತ್ತೆ.

👉 ತಳ ಮುಚ್ಚಿ ಹೋಗಿರುತ್ತೆ. ಹಾಗಾಗಿ ಕಾಂಕ್ರೀಟಿಗಿಂತ ಸ್ವಲ್ಪ ಮೇಲೆ, ಬಕೆಟ್ಟಿನ ಪಕ್ಕದಲ್ಲಿ 4 ತೂತು. ಇಲ್ಲಾಂದ್ರೆ ನೀರು ನಿಂತು ಬೇರು ಕೊಳೆಯುತ್ತೆ.

👉 ಮೇಲಿನ ಅರ್ಧಕ್ಕೆ ಮಣ್ಣು, ಗೊಬ್ಬರ. ಛತ್ರಿ ನೆರಳಲ್ಲಿ ಬರೋ ಗಿಡ ಹಾಕಿ. ನಾನು ದೊಡ್ಡಪತ್ರೆ ಹಾಕಿದ್ದೀನಿ. ಮಣ್ಣಿನ ತೂಕ ನಂಬ್ಕೋಬೇಡಿ, ಒಣಗಿದ್ರೆ ಇಳಿಯುತ್ತೆ.

ನಮ್ಮದು 6 ಅಡಿ ಅಗಲದ ಸಣ್ಣ ಛತ್ರಿ. ಆದ್ರೂ ಕಂಬನ ಗೇಟಿನ ಕಂಬಿಗೆ ಹಗ್ಗ ಹಾಕಿ ಕಟ್ಟಿದ್ದೀನಿ. ನಿಮ್ಮದು ದೊಡ್ಡದಾದ್ರೆ ಇಷ್ಟು ಭಾರ ಸಾಲಲ್ಲ. ಗಾಳಿ ವೇಗ ಎರಡು ಪಟ್ಟಾದ್ರೆ ಅದು ತಳ್ಳೋ ಬಲ ನಾಲ್ಕು ಪಟ್ಟು. ಗಾಳಿ ಎದ್ದ ತಕ್ಷಣ ಛತ್ರಿ ಮಡಚಿ, ಅಷ್ಟೇ.

ಖರ್ಚು: ಪೈಪ್ 260, ಸಿಮೆಂಟ್ 60, ಹಳೇ ಬಕೆಟ್ 80, ಬೋಲ್ಟ್ ಮತ್ತು ವೆಲ್ಡಿಂಗ್ 100. ಮರಳು, ಜಲ್ಲಿ ಎದುರುಮನೆ ಕಟ್ಟೋರು ಕೊಟ್ಟಿದ್ದು. ಒಟ್ಟು 500 ರೂಪಾಯಿ.

ಮೊದಲನೇದಕ್ಕೆ 210 ಆಗಿತ್ತು. "290 ಉಳಿಸಿದೆ" ಅಂತ ನಾನು ಬೀಗಿದ್ದೆ. ಕ್ಲಾಸಲ್ಲಿ ಕಾಸ್ಟಿಂಗ್ ಓದ್ತೀವಿ, ಅಮ್ಮನ 11 ದಿನದ ವ್ಯಾಪಾರ ಯಾವ ಕಾಲಮ್ಮಿಗೆ ಬರೆಯೋದು ಅಂತ ನಾನು ಯೋಚನೆ ಮಾಡಿರಲಿಲ್ಲ. ಆ ಹುಡುಗನ ತಲೆಗೆ ಬಿದ್ದಿದ್ರೆ ಬರೆಯೋಕೆ ಕಾಲಮ್ಮೇ ಇರ್ತಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಮನೇಲಿ ಮಾಡೋದು ತಪ್ಪಲ್ಲ, ಮಾಡಿ. ಆದ್ರೆ ಅದರ ಕೆಳಗೆ ದಿನಾ ಯಾರು ಕೂರ್ತಾರೋ ಅವರನ್ನ ಮೊದಲು ಕೇಳಿ, ಫೋಟೋ ಆಮೇಲೆ ತೆಗೀರಿ. ನಾನು ಈ ಸಲ ಕೇಳಿದೆ. ಅಮ್ಮ ಎರಡೂ ಕೈಲಿ ಪೈಪ್ ಹಿಡಿದು ಜಗ್ಗಿ ನೋಡಿ, "ಹ್ಞೂಂ, ಈಗ ಆಯ್ತು ನೋಡು" ಅಂದಳು.

ನೀವು ಮನೇಲಿ ಮಾಡಿ ಕೆಟ್ಟಿದ್ದು ಏನಾದ್ರೂ ಇದ್ರೆ ಕಾಮೆಂಟಲ್ಲಿ ಹೇಳಿ. ಚೆನ್ನಾಗಿ ಬಂದಿದ್ದನ್ನ ಎಲ್ರೂ ಹಾಕ್ತಾರೆ.

#ಮನೆಲೆಕ್ಕ #ದಾವಣಗೆರೆ #ಬಿಕಾಂಹುಡುಗ