ಕಲ್ಲಿನಿಂದ ಹೃದಯಕ್ಕೆ
ಮೋಶೆಗೆ ಹತ್ತು ಆಜ್ಞೆಗಳು ಸಿಕ್ಕಿದ್ದು ಕಲ್ಲಿನ ಹಲಗೆಗಳ ಮೇಲೆ. ಮುಂದೆ ಪ್ರವಾದಿ ಯೆರೆಮೀಯ ಹೊಸ ಒಡಂಬಡಿಕೆಯನ್ನು ಸಾರಿದ: ದೇವರು ನಿಯಮವನ್ನು ಜನರ ಹೃದಯದಲ್ಲೇ ಬರೆಯುವನು ಎಂದು. ಯೇಸು ಹಳೆಯದನ್ನು ರದ್ದು ಮಾಡಲಿಲ್ಲ. ಕೊಲೆಯಷ್ಟೇ ಅಲ್ಲ, ಅದರ ಬೇರಾದ ಸಿಟ್ಟೂ ತಪ್ಪು ಎಂದರು.

ಬ್ರಹ್ಮಪುರದಲ್ಲಿ ಕುಳಿತು ನೌಕರಿ ಪರೀಕ್ಷೆಗೆ ಓದುವ ನಮಗೆ ಇದು ದೂರದ ಮಾತಲ್ಲ. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆಯ ಅಕ್ರಮ ಬಯಲಾದದ್ದು ಕಲಬುರಗಿಯಿಂದಲೇ. ಪರೀಕ್ಷೆ ರದ್ದಾಗಿ, ಪ್ರಾಮಾಣಿಕವಾಗಿ ಓದಿದವರೂ ಮತ್ತೆ ಬರೆಯಬೇಕಾಯಿತು. 2023ರಲ್ಲಿ ಇದೇ ಜಿಲ್ಲೆಯಲ್ಲಿ ಬ್ಲೂಟೂತ್ ಹಗರಣ ನಡೆಯಿತು. ಆಮೇಲೆ ಕಠಿಣ ಕಾಯ್ದೆಯೂ ಬಂತು.

ಕಾಯ್ದೆ ಬೇಕೇ ಬೇಕು. ಆದರೆ ಅದು ಕಾಯುವುದು ಬಾಗಿಲನ್ನು ಮಾತ್ರ. ಸಿಸಿಟಿವಿ ಇಲ್ಲದ ಕೋಣೆಯಲ್ಲೂ ನಕಲು ಬೇಡವೆನ್ನುವ ಮನಸ್ಸು ನಮ್ಮದಾಗಬೇಕು. ಇಲ್ಲದಿದ್ದರೆ ಪ್ರತಿ ಹೊಸ ಕಾಯ್ದೆಗೂ ಒಂದು ಹೊಸ ಕಳ್ಳದಾರಿ ಹುಟ್ಟುತ್ತಲೇ ಇರುತ್ತದೆ.