ಬಿಡುವ ಊರಿನ ಋಣ

ಊರು ಬಿಡುವ ಹೊತ್ತಿಗೆ ಊರಿನ ಮೇಲೆ ಹುಟ್ಟುವ ಪ್ರೀತಿ ನಂಬತಕ್ಕದ್ದಲ್ಲವೆಂದೂ ಅದು ಭಾವುಕತೆಯ ಚಾಪಲ್ಯವೆಂದೂ ಲೋಕಾನುಭವವುಳ್ಳ ಮಿತ್ರರೊಬ್ಬರು ಈಚೆಗೆ ತೀರ್ಪು ಕೊಟ್ಟರು. ಉದ್ಯೋಗನಿಮಿತ್ತ ಕಲ್ಕತ್ತೆಯಲ್ಲಿ ಕೆಲವು ಕಾಲ ಇದ್ದು, ವರ್ಗದ ಆದೇಶ ಕೈಸೇರಿದ ಮೇಲೆ ಆ ನಗರದ ಗುಣಕಥನಕ್ಕೆ ತೊಡಗಿದವನು ನಾನಾದುದರಿಂದ ತೀರ್ಪು ಯಾರನ್ನು ಕುರಿತದ್ದೆಂಬುದರಲ್ಲಿ ಸಂದೇಹವಿರಲಿಲ್ಲ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಕಷ್ಟದಲ್ಲಿರುವ ನಗರವನ್ನು ಯಥಾರ್ಥವಾಗಿ ನೋಡಲು ನಮ್ಮಲ್ಲಿ ಬಹುಮಂದಿಗೆ ದೊರೆಯುವ ಅವಕಾಶ, ಹೊರಡುವ ಮುನ್ನಿನ ಆ ಕೆಲವು ವಾರಗಳೇ. ಸತ್ತವರನ್ನೂ ಜನ ಹೀಗೆಯೇ ಹೊಗಳುತ್ತಾರಲ್ಲವೆ ಎಂಬ ಚಮತ್ಕಾರೋಕ್ತಿಗೆ ಉತ್ತರ ಬೇಕಾಗಿಲ್ಲ. ನಾವು ಬಿಟ್ಟ ಮಾತ್ರಕ್ಕೆ ಊರು ಸಾಯುವುದಿಲ್ಲ.

ನಮ್ಮ ಆಲಂಕಾರಿಕರು ರಸವನ್ನು ವಿವರಿಸುವಾಗ ಹೇಳಿದ ತತ್ತ್ವವೊಂದು ಇಲ್ಲಿ ನೆರವಿಗೆ ಬರುತ್ತದೆ. ಇದರಿಂದ ತನಗೆ ಲಾಭವೇನು, ನಷ್ಟವೇನು ಎಂಬ ಎಣಿಕೆ ಮನಸ್ಸಿನಲ್ಲಿರುವವರೆಗೆ ಸಹೃದಯನಿಗೆ ರಸಾನುಭವವಾಗದು, ಆ ಸ್ವಾರ್ಥದ ನಂಟು ಕಳಚಿ ಸಾಧಾರಣೀಕರಣವಾದಾಗಲೇ ಅದು ಸಾಧ್ಯ ಎಂಬುದು ಭಟ್ಟನಾಯಕನಲ್ಲಿ ಮೊಳೆತು ಅಭಿನವಗುಪ್ತನಲ್ಲಿ ಬೆಳೆದ ವಿಚಾರ. ನಗರವಾಸಿಗಾದರೋ ನಗರವೆಂದರೆ ನೀರು, ಬಸ್ಸು, ಬಾಡಿಗೆ, ವಿದ್ಯುತ್ತು. ಬಾರದ ಬಸ್ಸಿಗಾಗಿ ಬಿಸಿಲಿನಲ್ಲಿ ನಿಂತವನು ಎದುರಿನ ಹಳೆಯ ಮಹಡಿಮನೆಯ ಹಸಿರು ಪಟ್ಟಿಬಾಗಿಲುಗಳ ಚೆಲುವನ್ನು ನೋಡಲೊಲ್ಲನು, ನೋಡೆಂದು ಅವನಿಗೆ ಹೇಳುವುದೂ ಅನ್ಯಾಯ. ವರ್ಗದ ಆದೇಶದೊಡನೆ ಈ ವ್ಯವಹಾರದ ಖಾತೆ ಮುಗಿಯುತ್ತದೆ. ಇನ್ನು ಊರು ತನಗೇನು ಕೊಟ್ಟೀತೆಂಬ ಪ್ರಶ್ನೆ ಹಿಂದೆ ಸರಿದು, ಊರು ಹೇಗೆ ಬದುಕಿದೆ ಎಂಬ ಪ್ರಶ್ನೆಗೆ ಎಡೆಯಾಗುತ್ತದೆ.

ಈ ಎರಡನೆಯ ಪ್ರಶ್ನೆಗೆ ಕಲ್ಕತ್ತೆಯ ಪೂರ್ವದಂಚಿನಲ್ಲಿ ದೊರೆಯುವಂತಹ ಉತ್ತರ ಬೇರೆಡೆ ದೊರೆಯುವುದು ವಿರಳ. 1980ರ ದಶಕದಲ್ಲಿ ಧ್ರುವಜ್ಯೋತಿ ಘೋಷ್ ಎಂಬ ಸರ್ಕಾರಿ ಎಂಜಿನಿಯರು, ಇಷ್ಟು ದೊಡ್ಡ ನಗರದ ಕೊಚ್ಚೆನೀರು ಕಟ್ಟಕಡೆಗೆ ಹೋಗುವುದಾದರೂ ಎಲ್ಲಿಗೆ ಎಂದು ಕಾಲುವೆಗಳ ಜಾಡು ಹಿಡಿದು ಹೊರಟರು. ಅವರು ಕಂಡದ್ದು, ಬೆಸ್ತರು ತಲೆಮಾರುಗಳಿಂದ ನಡೆಸಿಕೊಂಡು ಬಂದ ‘ಭೇರಿ’ಗಳೆಂಬ ಮೀನಿನ ಕೆರೆಗಳು. ಆಳವಿಲ್ಲದ ಈ ಕೆರೆಗಳಿಗೆ ಕೊಚ್ಚೆಯನ್ನು ಅಳತೆಯರಿತು ಬಿಡುತ್ತಾರೆ. ಬಿಸಿಲು, ಪಾಚಿ ಮತ್ತು ಸೂಕ್ಷ್ಮಜೀವಿಗಳು ಕೂಡಿ ಕೆಲವೇ ವಾರಗಳಲ್ಲಿ ಅದನ್ನು ತಿಳಿಗೊಳಿಸುತ್ತವೆ. ಆ ಪಾಚಿಯನ್ನು ತಿಂದು ರೋಹು, ಕಾಟ್ಲಾ ಮೀನುಗಳು ಬೆಳೆಯುತ್ತವೆ. ಕೊಚ್ಚೆ ಸಾಕೋ ಇನ್ನೂ ಬೇಕೋ ಎಂಬುದನ್ನು ಬೆಸ್ತನು ನೀರಿನ ಬಣ್ಣ ನೋಡಿ ನಿಶ್ಚಯಿಸುತ್ತಾನೆ. ಅಲೆಗೆ ದಂಡೆಯ ಮಣ್ಣು ಸವೆಯದಂತೆ ಅಂಚಿನುದ್ದಕ್ಕೂ ತೇಲುವ ಜಲಕಳೆಯನ್ನು ಕಟ್ಟಿ ನಿಲ್ಲಿಸುತ್ತಾನೆ. ಸುಮಾರು 12,500 ಹೆಕ್ಟೇರುಗಳ ಈ ಜೌಗುಪ್ರದೇಶ 2002ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಇತರ ನಗರಗಳು ಕೋಟಿಗಟ್ಟಲೆ ಸುರಿದು ಯಂತ್ರಗಳಿಂದ ಮಾಡಿಸುವ ಕೆಲಸವನ್ನು ಅಕ್ಷರಜ್ಞಾನವೂ ಅನೇಕರಿಗೆ ದಕ್ಕದ ಜನರು ಮಾಡಿ, ಅದೇ ನಗರಕ್ಕೆ ಆಹಾರವನ್ನೂ ಒದಗಿಸುತ್ತಿದ್ದಾರೆ. ಮೀನು ತಿನ್ನದ ನನ್ನಂಥವನಿಗೂ ಅದರ ಮುಂದೆ ತಲೆಬಾಗದಿರಲು ಕಾರಣವಿಲ್ಲ.

ಇಂತಹ ನಗರವನ್ನು 1985ರಲ್ಲಿ ರಾಜೀವ ಗಾಂಧಿಯವರು ಸಾಯುತ್ತಿರುವ ನಗರವೆಂದರು; ದೇಶವೆಲ್ಲ ಅದನ್ನು ಗಿಳಿಪಾಠವಾಗಿ ಒಪ್ಪಿಸಿತು. ಯಾರಿಂದ, ಯಾವುದರಿಂದ ಸಾಯುತ್ತಿದೆ ಎಂದು ಕೇಳಿದವರೆಷ್ಟು ಮಂದಿ? ರಾಜಧಾನಿಯ ಪಟ್ಟ ದೆಹಲಿಗೆ ಹೋಗುವುದೆಂದು 1911ರಲ್ಲಿ ಘೋಷಣೆಯಾಯಿತು. 1943ರ ಕ್ಷಾಮದಲ್ಲಿ ಹಸಿದ ಹಳ್ಳಿಗರು ಕಲ್ಕತ್ತೆಯ ಬೀದಿಗಳಿಗೆ ಬಂದು ಪ್ರಾಣಬಿಟ್ಟರು. ದೇಶವಿಭಜನೆಯಾದಾಗ ಸೆಣಬಿನ ಗಿರಣಿಗಳು ಹೂಗ್ಲಿಯ ದಡದಲ್ಲಿ ಉಳಿದವು, ಉತ್ತಮ ಸೆಣಬು ಬೆಳೆವ ಹೊಲಗಳು ಗಡಿಯಾಚೆ ಹೋದವು, ನಿರಾಶ್ರಿತರು ಮಾತ್ರ ಈಚೆ ಬಂದರು. ಮೇಲಾಗಿ, ಉಕ್ಕು ದೇಶದಲ್ಲೆಲ್ಲ ಒಂದೇ ಬೆಲೆಗೆ ಸಿಗುವಂತೆ ಸಾಗಣೆವೆಚ್ಚವನ್ನು ಸರಿದೂಗಿಸುವ ನೀತಿ 1950ರ ದಶಕದಲ್ಲಿ ಜಾರಿಗೆ ಬಂದು, ಗಣಿಗಳ ಸಮೀಪದಲ್ಲಿರುವ ಸಹಜವಾದ ಅನುಕೂಲವೂ ಪೂರ್ವಭಾರತಕ್ಕೆ ಇಲ್ಲವಾಯಿತು. ಇಷ್ಟೆಲ್ಲವನ್ನೂ ತಾಳಿಕೊಂಡ ಊರಿನ ದೌರ್ಬಲ್ಯವನ್ನೇ ಅದರ ಸ್ವಭಾವವೆಂದು ಬಣ್ಣಿಸುವುದು ಗಾಯಾಳುವನ್ನು ಸೋಮಾರಿ ಎಂದಂತೆ. ಒಳಗಿನವರ ತಪ್ಪೇ ಇಲ್ಲವೆಂದಲ್ಲ. ಮುಷ್ಕರ, ಬೀಗಮುದ್ರೆ, ರಾಜಕೀಯ ಹಿಂಸೆಗಳು ಬಂಡವಾಳವನ್ನು ಓಡಿಸಿದ್ದೂ ನಿಜವೇ.

ಇನ್ನು ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲ, ಗೌರವಾರ್ಹವಾದ ಆಕ್ಷೇಪಣೆಯೊಂದುಂಟು. ನಿಸ್ಸ್ವಾರ್ಥದೃಷ್ಟಿ ಎಂದು ನೀವು ಕೊಂಡಾಡುವುದು ರೈಲಿನ ಟಿಕೇಟು ಜೇಬಿನಲ್ಲಿರುವವನ ಸೌಕರ್ಯ. ಮಳೆಗಾಲದಲ್ಲಿ ಕಾಲೇಜ್ ಸ್ಟ್ರೀಟಿನ ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೆಳಗಟ್ಟಿನ ಪುಸ್ತಕಗಳನ್ನು ಮೇಲಕ್ಕೆತ್ತುವ ಅಂಗಡಿಯವನಿಗೆ ಆ ನೀರಿನಲ್ಲಿ ಯಾವ ರಸ ಕಂಡೀತು? ಈ ಪ್ರಶ್ನೆಯ ನ್ಯಾಯವನ್ನು ನಾನು ಒಪ್ಪುತ್ತೇನೆ. ರಸಿಕತೆಯೇ ಕೊನೆಯ ಮಾತಾದರೆ ಅದು ಇತರರ ಸಂಕಟದ ವಿಹಾರವಾದೀತು. ಇಷ್ಟಾದರೂ ನಗರದ ಚೈತನ್ಯ ಅದಮ್ಯವೆಂದು ವೇದಿಕೆಯಿಂದ ಹೊಗಳುವ ಅಧಿಕಾರಸ್ಥರಿಗಿಂತ ಆ ಅಂಗಡಿಯವನ ಗೊಣಗಾಟದಲ್ಲಿ ನನಗೆ ಹೆಚ್ಚು ಪ್ರೀತಿ ಕಾಣುತ್ತದೆ: ಚರಂಡಿ ತೋಡಿಸಬೇಕಾದವರು ಚೈತನ್ಯವನ್ನು ಹೊಗಳುವುದು ನಿರ್ಲಜ್ಜೆ. ದೂರುವ ಹಕ್ಕು ಉಳಿಯುವವನದು. ಹೊರಡುವವನು ಅದನ್ನು ಕಸಿಯಕೂಡದು.

ಆದರೆ ಆಕ್ಷೇಪಣೆಯಿಂದ ಸಿದ್ಧವಾಗುವುದು, ಕಂಡದ್ದು ಸುಳ್ಳೆಂದಲ್ಲ, ಕಂಡವನಿಗೆ ಹೊಣೆಯುಂಟೆಂದು. ನಾನು ಮರಳಿ ಬಂದ ಬೆಂಗಳೂರಿನಲ್ಲಿ ಕೆರೆಗೆ ಹರಿದ ಕೊಚ್ಚೆ ಬೆಳ್ಳಂದೂರಿನಲ್ಲಿ ನೊರೆಯಾಗಿ ರಸ್ತೆಗೆ ಹಾರಿತು, ಕೆರೆಗೇ ಬೆಂಕಿ ಬಿತ್ತು. ಹೀಗಿದ್ದೂ ಕಲ್ಕತ್ತೆಯ ಕೊಳಕಿನ ಮಾತು ಬಂದಾಗ ಮೂಗು ಮುರಿಯುವವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಂತಹ ಗೋಷ್ಠಿಯಲ್ಲಿ ದಾಕ್ಷಿಣ್ಯಕ್ಕೆ ತಲೆಯಾಡಿಸದೆ ತಾನು ಕಂಡುದನ್ನು ಹೇಳುವುದು ಊರು ಬಿಟ್ಟವನು ತೀರಿಸಬೇಕಾದ ಋಣದ ಮೊದಲ ಕಂತು. ಎರಡನೆಯದು, ಬಂದು ನೆಲೆಸಿದ ಊರಿನಲ್ಲಿ ಇನ್ನೊಂದು ವರ್ಗದ ಆದೇಶಕ್ಕೆ ಕಾಯದೆ, ತನ್ನ ಬಚ್ಚಲ ನೀರು ಯಾವ ಕೆರೆಗೆ ಸೇರುತ್ತದೆಂದು ಈಗಲೇ ಹೋಗಿ ವಿಚಾರಿಸುವುದು.