ಅಲೈನರ್ ಸರಕಾಯಿತು, ಮಕ್ಕಳ ಪ್ಲೇಟ್ ಮರೆತುಹೋಯಿತು

ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ 2023ರ ಡಿಸೆಂಬರ್‌ನಲ್ಲಿ ಏಕಾಏಕಿ ಬಾಗಿಲು ಮುಚ್ಚಿತು. ಓರೆಕೋರೆ ಹಲ್ಲುಗಳನ್ನು ಸರಿಪಡಿಸುವ ಪಾರದರ್ಶಕ ಅಲೈನರ್‌ಗಳನ್ನು ನೇರವಾಗಿ ಗ್ರಾಹಕರ ಮನೆಗೆ ಕಳಿಸುವುದು ಅದರ ವ್ಯವಹಾರವಾಗಿತ್ತು. ಗ್ರಾಹಕರು ತಾವೇ ಹಲ್ಲಿನ ಅಚ್ಚು ತೆಗೆದು ಕಳಿಸಿದರೂ ನಡೆಯುತ್ತಿತ್ತು. ದೂರದಲ್ಲಿ ಕುಳಿತ ವೈದ್ಯರು ಚಿಕಿತ್ಸೆಯ ಯೋಜನೆಗೆ ಒಪ್ಪಿಗೆ ಕೊಡುತ್ತಿದ್ದರು. ಮುಚ್ಚಿದ ದಿನ ಕಂಪನಿ ತನ್ನ ಜೀವಿತಾವಧಿಯ ಖಾತರಿ ಇನ್ನಿಲ್ಲ ಎಂದಿತು, ಚಿಕಿತ್ಸೆಯ ನಡುವೆ ಇದ್ದವರಿಗೆ ನಿಮ್ಮೂರಿನ ದಂತವೈದ್ಯರನ್ನು ಕಾಣಿ ಎಂದಿತು. ಕಂತಿನಲ್ಲಿ ಹಣ ಕಟ್ಟುತ್ತಿದ್ದವರು ಮಾತ್ರ ಕಟ್ಟುತ್ತಲೇ ಇರಬೇಕು ಎಂದೂ ಸೂಚಿಸಿತು.

ಅದು ದೂರದ ದೇಶದ ಕಥೆ ಎಂದು ಸುಮ್ಮನಿರುವಂತಿಲ್ಲ. ಮನೆಗೇ ಬಂದು ಹಲ್ಲು ಸ್ಕ್ಯಾನ್ ಮಾಡುತ್ತೇವೆ, ತಿಂಗಳ ಕಂತಿನಲ್ಲಿ ಹಣ ಕಟ್ಟಿ ಎನ್ನುವ ಜಾಹೀರಾತುಗಳು ಬೆಂಗಳೂರಿನ ಯುವಜನರ ಮೊಬೈಲ್‌ಗಳಿಗೂ ಬರುತ್ತಿವೆ. ಅಲೈನರ್ ಕೆಟ್ಟ ಸಾಧನವೆಂದು ನಾನು ಹೇಳುತ್ತಿಲ್ಲ. ಊಟಕ್ಕೆ ಮುನ್ನ ತೆಗೆಯಬಹುದು, ಹಲ್ಲುಜ್ಜಲು ಸುಲಭ, ತಜ್ಞರ ಕೈಯಲ್ಲಿ ಒಳ್ಳೆಯ ಫಲ ಕೊಡುತ್ತದೆ. ಅದನ್ನು ಕನ್ನಡಕದ ಫ್ರೇಮಿನಂತೆ ಮಾರುವುದಕ್ಕೆ ನನ್ನ ಆಕ್ಷೇಪ.

ಹಲ್ಲು ಸರಿಯುವುದೆಂದರೆ ಮೂಳೆ ಬದಲಾಗುವುದು. ಹಲ್ಲಿನ ಬೇರನ್ನೂ ದವಡೆಯ ಮೂಳೆಯನ್ನೂ ಬೆಸೆದಿರುವ ತೆಳ್ಳನೆಯ ನಾರಿನ ಪದರವೊಂದಿದೆ. ಹಲ್ಲಿನ ಮೇಲೆ ಹಗುರವಾಗಿ ನಿರಂತರ ಒತ್ತಡ ಬಿದ್ದರೆ ಒತ್ತುವ ಕಡೆ ಮೂಳೆ ಕರಗುತ್ತದೆ, ಎಳೆಯುವ ಕಡೆ ಹೊಸ ಮೂಳೆ ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್, ಅಷ್ಟೇ ಅದರ ವೇಗ. ಒಂದೊಂದು ಅಲೈನರ್ ಕಾಲು ಮಿಲಿಮೀಟರ್‌ನಷ್ಟು ಸರಿಸುವಂತೆ ತಯಾರಾಗಿರುತ್ತದೆ, ಅದೂ ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡರೆ. ವಸಡಿನ ರೋಗದಿಂದ ಮೂಳೆ ಆಗಲೇ ಸವೆದಿದ್ದರೆ ಇದೇ ಒತ್ತಡದಿಂದ ಹಲ್ಲು ಇನ್ನಷ್ಟು ಸಡಿಲವಾಗಬಹುದು. ಬೇರಿನ ಸ್ಥಿತಿ, ಮೂಳೆಯ ಮಟ್ಟ, ಒಳಗೆ ಹುದುಗಿರುವ ಹಲ್ಲು ಇವು ಯಾವುವೂ ಹೊರಗಿನ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಎಕ್ಸ್‌ರೇ ಬೇಕು, ವಸಡನ್ನು ಕೈಯಾರೆ ಪರೀಕ್ಷಿಸುವ ವೈದ್ಯರು ಬೇಕು.

ಈ ಅಬ್ಬರದಲ್ಲಿ ನಾವು ಮರೆತಿರುವುದು ಇದಕ್ಕಿಂತ ಹಳೆಯ, ಅಗ್ಗದ ಸಾಧನವನ್ನು. ಕಟ್ಟುಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್, ಒಂದಿಷ್ಟು ಸ್ಟೀಲ್ ತಂತಿ, ಇಷ್ಟರಿಂದಲೇ ಯಾವ ಡೆಂಟಲ್ ಲ್ಯಾಬ್‌ನಲ್ಲಾದರೂ ತಯಾರಾಗುವ ಪ್ಲೇಟ್ ಅದು. ಮೇಲಿನ ಬಾಚಿಹಲ್ಲೊಂದು ಕೆಳಗಿನ ಹಲ್ಲಿನ ಒಳಗೆ ಬೀಳುತ್ತಿರುವ ಎಂಟೊಂಬತ್ತು ವರ್ಷದ ಮಗುವಿಗೆ ಸಣ್ಣ ಸ್ಪ್ರಿಂಗ್ ಇರುವ ಪ್ಲೇಟ್ ಕೊಟ್ಟರೆ ಹಲವು ಬಾರಿ ಕೆಲವೇ ತಿಂಗಳಲ್ಲಿ ಹಲ್ಲು ಜಾಗಕ್ಕೆ ಬರುತ್ತದೆ. ಮೇಲ್ದವಡೆ ಕಿರಿದಾಗಿದ್ದರೆ ನಡುವೆ ಸ್ಕ್ರೂ ಇರುವ ಪ್ಲೇಟ್. ವೈದ್ಯರು ಹೇಳಿದ ದಿನ ತಾಯಿಯೋ ತಂದೆಯೋ ಪುಟ್ಟ ಕೀಲಿಯಿಂದ ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಕು.

ಉಬ್ಬುಹಲ್ಲಿನ ವಿಷಯ ಇನ್ನೂ ಗಂಭೀರ. ಸ್ಕಾಟ್ಲೆಂಡ್‌ನ ದಂತತಜ್ಞ ವಿಲಿಯಂ ಕ್ಲಾರ್ಕ್ 1977ರಲ್ಲಿ ಟ್ವಿನ್ ಬ್ಲಾಕ್ ಎಂಬ ಸಾಧನ ರೂಪಿಸಿದ್ದು ಬಿದ್ದು ಮುಂದಿನ ಹಲ್ಲಿಗೆ ಪೆಟ್ಟು ಮಾಡಿಕೊಂಡಿದ್ದ ಹುಡುಗನೊಬ್ಬನಿಗಾಗಿ. ಮೇಲೊಂದು ಕೆಳಗೊಂದು ಪ್ಲೇಟ್, ಎರಡರಲ್ಲೂ ಇಳಿಜಾರಾದ ದಿಮ್ಮಿ. ಬಾಯಿ ಮುಚ್ಚಿದಾಗಲೆಲ್ಲ ಕೆಳದವಡೆ ತಾನಾಗಿ ಮುಂದೆ ಬಂದು ನಿಲ್ಲುತ್ತದೆ. ಮಗು ಬೆಳೆಯುತ್ತಿರುವ ವಯಸ್ಸಿನಲ್ಲಿ, ಹೆಚ್ಚಾಗಿ 10ರಿಂದ 14ರ ನಡುವೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳವಣಿಗೆ ನಿಂತ ಮೇಲೆ ಅದೇ ತೊಂದರೆಗೆ ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಬೇಕಾಗಬಹುದು, ತೀವ್ರವಾಗಿದ್ದರೆ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹಾಗೆಂದು ಎಲ್ಲ ಮಕ್ಕಳಿಗೂ ಬೇಗ ಬೇಗ ಪ್ಲೇಟ್ ಹಾಕಿಸಬೇಕಿಲ್ಲ. ಉಬ್ಬುಹಲ್ಲಿಗೆ ಬೇಗ ಚಿಕಿತ್ಸೆ ಮಾಡಿದರೆ ಮುಂದಿನ ಹಲ್ಲು ಮುರಿಯುವ ಅಪಾಯ ತಗ್ಗುತ್ತದೆ, ಉಳಿದ ವಿಷಯಗಳಲ್ಲಿ ಹದಿಹರೆಯದವರೆಗೆ ಕಾದು ಮಾಡಿದರೂ ಫಲ ಬಹುತೇಕ ಅಷ್ಟೇ ಎಂದು ಕಾಕ್ರೇನ್ ಸಂಸ್ಥೆಯ ಅಧ್ಯಯನ ವಿಮರ್ಶೆ ಹೇಳಿದೆ. ಯಾವ ಮಗುವಿಗೆ ಈಗಲೇ, ಯಾರಿಗೆ ಎರಡು ವರ್ಷ ಬಿಟ್ಟು ಎಂದು ತೀರ್ಮಾನಿಸುವುದಕ್ಕೇ ತಜ್ಞರು ಬೇಕು.

ನಮ್ಮಲ್ಲಿ ಆ ತಜ್ಞರಿಗೆ ಬರವಿಲ್ಲ. ಬಿಡಿಎಸ್ ಮುಗಿಸಿ ಮೂರು ವರ್ಷ ಇದನ್ನೇ ಓದಿದವರು ಬೆಂಗಳೂರು, ದಾವಣಗೆರೆ, ಧಾರವಾಡ, ಮಣಿಪಾಲ, ಮಂಗಳೂರುಗಳ ಕಾಲೇಜುಗಳಿಂದ ವರ್ಷವೂ ಹೊರಬರುತ್ತಾರೆ. ಆದರೆ ಸರ್ಕಾರದ ದಂತ ಕಾಲೇಜು ಬೆಂಗಳೂರು, ಬಳ್ಳಾರಿಯಂಥ ಕಡೆ ಮಾತ್ರ. ಪ್ಲೇಟ್ ಹಾಕಿದ ಮೇಲೆ ನಾಲ್ಕಾರು ವಾರಕ್ಕೊಮ್ಮೆ ತೋರಿಸಬೇಕು, ಚಾಮರಾಜನಗರದ ಕೂಲಿ ಕುಟುಂಬ ಅದಕ್ಕಾಗಿ ಎಷ್ಟು ಬಾರಿ ಬೆಂಗಳೂರಿನ ಬಸ್ಸು ಹತ್ತೀತು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಶಾಲೆಗಳಿಗೆ ಹೋಗಿ ಮಕ್ಕಳ ಹುಳುಕುಹಲ್ಲು ನೋಡುತ್ತಿವೆ. ಅದೇ ಹೊತ್ತಿನಲ್ಲಿ ಬಾಯಿ ಮುಚ್ಚಿಸಿ, ಹಲ್ಲು ಕಚ್ಚಿಸಿ ನೋಡಲು ಅರ್ಧ ನಿಮಿಷ ಹೆಚ್ಚು ಸಾಕು. ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೆರಡು ದಿನ ಹತ್ತಿರದ ಕಾಲೇಜಿನ ತಜ್ಞರು ಕೂರುವಂತೆ ಮಾಡುವುದು ಆರೋಗ್ಯ ಇಲಾಖೆಯ ಕೈಯಲ್ಲೇ ಇದೆ.

ಅಲೈನರ್‌ಗೆ ಮುಂಗಡ ಕೊಡುವ ಮುನ್ನ ನೀವು ಕೇಳಬೇಕಾದದ್ದು ಇಷ್ಟು. ನನ್ನ ಬಾಯಿ ಪರೀಕ್ಷಿಸುವ ವೈದ್ಯರ ಹೆಸರೇನು, ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ಅವರ ನೋಂದಣಿ ಸಂಖ್ಯೆ ಎಷ್ಟು, ಎಕ್ಸ್‌ರೇ ತೆಗೆದಿರಾ, ಹಲ್ಲು ನೇರವಾದ ಮೇಲೆ ಮತ್ತೆ ಸರಿಯದಂತೆ ಹಾಕುವ ರಿಟೇನರ್ ಯಾರು ಕೊಡುತ್ತಾರೆ? ಉತ್ತರ ಸಿಗದಿದ್ದರೆ ಹಣ ಕೊಡಬೇಡಿ. ಮನೆಯಲ್ಲಿ ಏಳೆಂಟು ವರ್ಷದ ಮಗುವಿದ್ದರೆ ಈ ಬೇಸಿಗೆ ರಜೆಯಲ್ಲಿ ಒಮ್ಮೆ ದಂತವೈದ್ಯರಿಗೆ ತೋರಿಸಿ.